ಕನ್ನಡಿಯ ಮುಂದಿನ ಹುಡುಗಿ: ಪಿಕಾಸೋನ ಒಂದು ಚಿತ್ರದ ಅರ್ಥವಿಚಾರ

ಬೇಸಗೆ ರಜೆಯಲ್ಲಿ ನಡೆದ ಅಧ್ಯಾಪಕರ ತರಬೇತಿ ಶಿಬಿರವೊಂದರಲ್ಲಿ, ಮಧ್ಯಾಹ್ನದ ಊಟವಾಗಿ ಎಲ್ಲರಿಗೂ ಜೊಂಪು ಹತ್ತುವ ಹೊತ್ತಿಗೆ, ಚಿತ್ರಕಲೆಯ ಅಧ್ಯಾಪಕರೊಬ್ಬರು ಪರದೆಯ ಮೇಲೆ ಒಂದು ವರ್ಣಚಿತ್ರವನ್ನು ಮೂಡಿಸಿದರು. ನಿದ್ದೆ ಹಾರಿಹೋಯಿತು. ಒಬ್ಬ ಹೆಂಗಸು ಕನ್ನಡಿಯ ಮುಂದೆ ನಿಂತಿದ್ದಾಳೆ. ಅವಳ ಮುಖದ ಒಂದು ಪಾಲು ನಸು ನೇರಳೆ, ಇನ್ನೊಂದು ಪಾಲು ಅಪ್ಪಟ ಹಳದಿ. ಕನ್ನಡಿಯೊಳಗೆ ಇರುವವಳು ಅವಳೇ ಹೌದೋ ಅಲ್ಲವೋ ಎಂದು ಸಂಶಯ ಬರುವಂತಿದೆ. ಹಿಂದಿನ ಸಾಲಿನಿಂದ ಹಿರಿಯ ಗಣಿತ ಅಧ್ಯಾಪಕರೊಬ್ಬರು, "ಮಾಸ್ಟ್ರೇ, ಇದನ್ನು ನಮ್ಮ ಏಳನೆಯ ತರಗತಿಯ ಹುಡುಗ ಬರೆದಿದ್ದರೆ ನೀವು ಎಷ್ಟು ಮಾರ್ಕು ಕೊಡುತ್ತಿದ್ದಿರಿ?" ಎಂದು ಕೇಳಿದರು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ತರುಣ ಅಧ್ಯಾಪಿಕೆಯೊಬ್ಬರು ನಗಲಿಲ್ಲ. "ಇದು ಒಡೆದ ಮನಸ್ಸಿನ ಚಿತ್ರ ಸಾರ್. ಬರೆದವನ ಮನಸ್ಸೇ ಹಾಗೆ ಇದ್ದಿರಬೇಕು" ಎಂದರು. ಅಷ್ಟರಲ್ಲಿ ಚಹಾ ಬಂತು, ಚಿತ್ರ ಹೋಯಿತು.

ಆ ಎರಡು ಮಾತುಗಳು ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ಎರಡರಲ್ಲಿಯೂ ಒಂದು ಸಾಮ್ಯ ಉಂಟು: ಎರಡೂ ಚಿತ್ರವನ್ನು ನೋಡುವ ಕೆಲಸವನ್ನು ಬೇಗನೆ ಮುಗಿಸಿಬಿಡುತ್ತವೆ. ಒಬ್ಬರಿಗೆ ಅಲ್ಲಿ ನೋಡುವುದಕ್ಕೇನೂ ಇಲ್ಲ. ಇನ್ನೊಬ್ಬರಿಗೆ ನೋಡಬೇಕಾದದ್ದು ಚಿತ್ರದಲ್ಲಿಲ್ಲ, ಬರೆದವನ ತಲೆಯೊಳಗಿದೆ. ನಾವು ಪದ್ಯಪಾಠದಲ್ಲಿ ಮಕ್ಕಳಿಗೆ, ಮೊದಲು ಪದ್ಯವನ್ನು ಓದಿರಿ, ಕವಿಕಾವ್ಯ ಪರಿಚಯ ಆಮೇಲೆ ನೋಡೋಣ ಎನ್ನುತ್ತೇವಲ್ಲ? ಅದೇ ನ್ಯಾಯವನ್ನು ಚಿತ್ರಕ್ಕೂ ಸಲ್ಲಿಸಿದರೆ ಏನು ಕಾಣುತ್ತದೆ ಎಂಬುದೇ ಈ ಲೇಖನದ ವಿಷಯ. ನಾನು ಚಿತ್ರಕಾರನಲ್ಲ, ಭಾಷೆಯನ್ನು ಕಲಿಸಿಕೊಂಡು ಬಂದವನು. ನನ್ನ ಓದಿನಲ್ಲಿ ಕೊರತೆ ಕಂಡರೆ ಬಲ್ಲವರು ತಿದ್ದಬೇಕು.

ಚಿತ್ರವನ್ನು ಕಾಣದವರಿಗಾಗಿ ಅದರ ವಿವರವನ್ನು ಮೊದಲು ಕೊಡುತ್ತೇನೆ. ಪಾಬ್ಲೋ ಪಿಕಾಸೋ ಇದನ್ನು 1932ರ ಮಾರ್ಚಿಯಲ್ಲಿ ತೈಲವರ್ಣದಲ್ಲಿ ಬರೆದನು. ಆಗ ಅವನಿಗೆ 50 ವರ್ಷ. ಕ್ಯಾನ್ವಾಸಿನ ಎತ್ತರ ಸುಮಾರು 162 ಸೆಂಟಿಮೀಟರು, ಅಗಲ 130. ಅಂದರೆ ನಮ್ಮ ಹೈಸ್ಕೂಲು ಹುಡುಗಿಯೊಬ್ಬಳ ಎತ್ತರ. ಈಗ ಅದು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿದೆ. ಎಡಕ್ಕೆ ಹುಡುಗಿ, ಬಲಕ್ಕೆ ಅಂಡಾಕಾರದ ಆಳೆತ್ತರದ ಕನ್ನಡಿ. ಹುಡುಗಿಯ ಮುಖದಲ್ಲಿ ಪಾರ್ಶ್ವದಿಂದ ಕಂಡ ಒಂದು ನಸು ನೇರಳೆ ಮುಖವಿದೆ. ಅದರ ಬಣ್ಣ ನಯವಾಗಿದೆ, ತಣ್ಣಗಿದೆ. ಅದಕ್ಕೆ ಅಂಟಿಕೊಂಡು, ಬಿದಿಗೆಯ ಚಂದ್ರನ ಹಾಗೆ, ಹಳದಿಯ ಇನ್ನೊಂದು ಪಾಲು. ಅಲ್ಲಿ ಬಣ್ಣವನ್ನು ಒರಟಾಗಿ, ದಪ್ಪವಾಗಿ ಮೆತ್ತಿದ್ದಾನೆ. ಕೆನ್ನೆಗೆ ಕೆಂಪು, ತುಟಿಗೆ ರಂಗು ಹಾಕಿದ್ದಾನೆ. ಎರಡನ್ನೂ ಕೂಡಿಸಿ ನೋಡಿದರೆ ನಮ್ಮನ್ನೇ ನೋಡುವ ಪೂರ್ಣ ಮುಖ. ನೇರಳೆಯನ್ನಷ್ಟೇ ನೋಡಿದರೆ ಕನ್ನಡಿಯತ್ತ ತಿರುಗಿದ ಅರ್ಧಮುಖ. ತಲೆಯ ಸುತ್ತ ಬಿಳಿಯ ಪ್ರಭೆ. ಮೈಯ ಒಂದು ಭಾಗಕ್ಕೆ ಪಟ್ಟೆಪಟ್ಟೆಯ ಉಡುಗೆಯಂಥದ್ದು, ಉಳಿದದ್ದು ಬತ್ತಲೆ; ಹೊಟ್ಟೆ ದುಂಡಗೆ, ಒಳಗೆ ಏನೋ ಇರುವಂತೆ.

ಕನ್ನಡಿಯೊಳಗಿನವಳ ಮುಖವಾದರೋ ಕಪ್ಪುನೇರಳೆಗೆ ಇಳಿದಿದೆ. ಹಣೆಯ ಮೇಲೆ ಹಸುರು ಮಚ್ಚೆ. ಕಣ್ಣು ಗುಳಿಬಿದ್ದಂತಿದೆ. ಮೈಯ ಬಿಗಿ ಸಡಿಲಿದೆ. ಹೊರಗಿನವಳಿಗಿದ್ದ ಬಿಳಿಯ ಪ್ರಭೆ ಇವಳಿಗಿಲ್ಲ. ಇಬ್ಬರ ಹಿಂದೆಯೂ ವಜ್ರಾಕೃತಿಯ ಚೌಕುಳಿಗಳ, ನಡುವೆ ಬೊಟ್ಟುಗಳಿರುವ ಕೆಂಪು ಹಸುರು ಹಳದಿಯ ಗೋಡೆ. ಅದು ಯುರೋಪಿನ ಹಾಸ್ಯನಾಟಕಗಳ ವಿದೂಷಕ ಹಾರ್ಲೆಕ್ವಿನನ ಅಂಗಿಯ ವಿನ್ಯಾಸ. ಹಾರ್ಲೆಕ್ವಿನನನ್ನು ಪಿಕಾಸೋ ತನ್ನ ತಾರುಣ್ಯದಿಂದಲೂ ಮತ್ತೆ ಮತ್ತೆ ಚಿತ್ರಿಸಿದ್ದಾನೆ. ಕೊನೆಯದಾಗಿ, ಹುಡುಗಿಯ ತೋಳು. ಅದು ಕನ್ನಡಿಯನ್ನು ದಾಟಿ ಆಚೆಯ ಅಂಚಿನವರೆಗೆ ಚಾಚಿಕೊಂಡಿದೆ. ಈ ತೋಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅದರ ಬಳಿಗೆ ಮತ್ತೆ ಬರಲಿಕ್ಕಿದೆ.

ಮೊದಲು ಗಣಿತ ಅಧ್ಯಾಪಕರ ಪ್ರಶ್ನೆ. ಒಂದೇ ಮುಖದಲ್ಲಿ ಎರಡು ಮುಖ ಬರೆಯುವುದು ತಪ್ಪಲ್ಲವೆ? ಯುರೋಪಿನ ಚಿತ್ರಕಲೆಯಲ್ಲಿ ಹದಿನೈದನೆಯ ಶತಮಾನದಿಂದ ಈಚೆಗೆ ಒಂದು ಕಟ್ಟಳೆ ನೆಲೆಗೊಂಡಿತ್ತು: ಚಿತ್ರಕಾರನು ಒಂದೆಡೆ ನಿಂತು, ಒಂದು ಕ್ಷಣದಲ್ಲಿ, ಒಂದು ಕಣ್ಣಿನಿಂದ ಕಂಡಂತೆ ಬರೆಯಬೇಕು. 1907ರ ಸುಮಾರಿಗೆ ಪಿಕಾಸೋ, ಅವನ ಬೆನ್ನಿಗೇ ಜಾರ್ಜ್ ಬ್ರಾಕ್, ಇಬ್ಬರೂ ಸೇರಿ ಈ ಕಟ್ಟಳೆಯನ್ನು ಮುರಿದರು. ಒಂದು ತಂಬಿಗೆಯನ್ನು ಮೇಲಿನಿಂದಲೂ ಬದಿಯಿಂದಲೂ ಕಂಡಂತೆ ಒಟ್ಟಿಗೆ ಬರೆದರೆ ಏನಾದೀತು ಎಂದು ನೋಡಿದರು. 1908ರಲ್ಲಿ ಬ್ರಾಕನ ಚಿತ್ರಗಳನ್ನು ಕಂಡ ವಿಮರ್ಶಕನೊಬ್ಬ, ಎಲ್ಲವನ್ನೂ ಘನಾಕೃತಿಗೆ ಇಳಿಸಿದ್ದಾನೆ ಎಂದು ಮೂದಲಿಸಿದ. ಆ ಮೂದಲಿಕೆಯೇ ಕ್ಯೂಬಿಸಂ ಎಂಬ ಹೆಸರಾಗಿ ನಿಂತಿತು. 1932ರ ಈ ಚಿತ್ರ ಆ ಪಂಥದ ಕಟ್ಟುನಿಟ್ಟಿನ ಕಾಲಕ್ಕೆ ಸೇರಿದ್ದಲ್ಲ. ಇಲ್ಲಿ ಕೋನಗಳಿಗಿಂತ ಬಳಸುಗೆರೆಗಳೇ ಹೆಚ್ಚು. ಆದರೆ ಹಲವು ನೋಟಗಳನ್ನು ಒಂದೇ ಆಕೃತಿಯಲ್ಲಿ ಕೂಡಿಸುವ ಆ ವಿದ್ಯೆಯೇ ಇದರ ಅಡಿಪಾಯ. ನಮ್ಮ ದೇಶಕ್ಕೂ ಅದು ತಡವಾಗಿ ಬರಲಿಲ್ಲ. ಕಲ್ಕತ್ತೆಯಲ್ಲಿ ಗಗನೇಂದ್ರನಾಥ ಠಾಕೂರರು 1920ರ ದಶಕದಲ್ಲಿಯೇ ಆ ರೀತಿಯಲ್ಲಿ ಬರೆದರು. ನಮ್ಮ ಕರಾವಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911–1996) ಪ್ಯಾರಿಸಿನಲ್ಲಿ ಕಲಿತು ಬಂದರೂ ಆ ದಾರಿಗಿಂತ ಹರಿಯುವ ರೇಖೆಯನ್ನೇ ಹೆಚ್ಚು ನಂಬಿದರು. ಅವರ ಆಯ್ಕೆಯನ್ನೂ ಗೌರವಿಸಬೇಕು. ಎಲ್ಲರೂ ಎಲ್ಲವನ್ನೂ ಮಾಡಬೇಕಾಗಿಲ್ಲ.

ಕಟ್ಟಳೆ ಯುರೋಪಿನದು, ಮುರಿದವರೂ ಯುರೋಪಿನವರು. ನಮಗೆ ಆ ಕಟ್ಟಳೆ ಎಂದಾದರೂ ಅಷ್ಟು ಬಿಗಿಯಾಗಿತ್ತೆ? ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಆಕೃತಿಯ ಒಂಬತ್ತು ಸ್ಥಾನಗಳನ್ನು ಹೇಳುತ್ತದೆ. ನೇರ ಎದುರಿನದು ಋಜ್ವಾಗತ, ಪೂರ್ತಿ ಬದಿಯದು ಪಾರ್ಶ್ವಾಗತ. ನಡುವೆ ಸಾಚೀಕೃತ, ಅರ್ಧವಿಲೋಚನ ಮೊದಲಾದವು. ಈ ಪರಿಭಾಷೆಯಲ್ಲಿ ಹೇಳುವುದಾದರೆ ಪಿಕಾಸೋ ಮಾಡಿದ್ದು ಇಷ್ಟೆ: ಋಜ್ವಾಗತವನ್ನೂ ಪಾರ್ಶ್ವಾಗತವನ್ನೂ ಒಂದೇ ಕತ್ತಿನ ಮೇಲೆ ಕೂರಿಸಿದ್ದಾನೆ. ಗುಜರಾತಿನ ಜೈನ ಕಲ್ಪಸೂತ್ರದ ಹಸ್ತಪ್ರತಿಗಳಲ್ಲಿ ಪಾರ್ಶ್ವಮುಖದಾಚೆಗೆ ಇನ್ನೊಂದು ಕಣ್ಣು ಚಾಚಿಕೊಂಡಿರುವುದನ್ನು ಕಂಡವರಿಗೆ ಇದು ಅಷ್ಟೇನೂ ಬೆಚ್ಚಿಬೀಳುವ ಸಂಗತಿಯಲ್ಲ. ಅದೇ ಸೂತ್ರವು ನೃತ್ಯವನ್ನು ತಿಳಿಯದವನಿಗೆ ಚಿತ್ರ ತಿಳಿಯದು ಎಂಬ ಅಭಿಪ್ರಾಯವನ್ನೂ ಹೇಳುತ್ತದೆ. ಹಾಗೆ ನೋಡಿದರೆ ನಮ್ಮ ಊರಿನವರಿಗೆ ಅರ್ಹತೆ ಇಲ್ಲವೆನ್ನಲಾದೀತೆ? ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ಬಯಲಾಟದಲ್ಲಿ ಬಣ್ಣದ ವೇಷ ಬಂದಾಗ, ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ, ಮೂಗಿನ ತುದಿಗೆ ಉಂಡೆ, ಕಣ್ಣಿನ ಸುತ್ತ ಕೆಂಪು ಕಪ್ಪಿನ ಸುಳಿ, ಇವನ್ನು ಕಂಡು ಯಾವ ಅಜ್ಜಿಯೂ "ಇಂಥ ಮೂಗು ಯಾರಿಗುಂಟು?" ಎಂದು ಕೇಳಿದ್ದಿಲ್ಲ. ಅದು ಮೂಗಲ್ಲ, ಮದ ಎಂದು ಅವಳಿಗೆ ಗೊತ್ತು. ಆಟವನ್ನು ನೋಡಬಲ್ಲ ಕಣ್ಣು ಚಿತ್ರದೆದುರು ಬಂದೊಡನೆ ಕುರುಡಾಗುವುದಕ್ಕೆ ಕಾರಣ, ಶಾಲೆಯಲ್ಲಿ ನಾವು ಕೊಟ್ಟ ಚಿತ್ರಪಾಠ ಎಂದೇ ನನ್ನ ಶಂಕೆ.

ಶಂಕೆಗೆ ಆಧಾರವಿದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ಚಿತ್ರದ ಅಧ್ಯಾಪಕರು ರಜೆಯಲ್ಲಿದ್ದ ಒಂದು ಪೀರಿಯಡಿಗೆ ನನ್ನನ್ನು ಕಳುಹಿಸಿದ್ದರು. "ನನ್ನ ಮನೆ" ಎಂದು ವಿಷಯ ಕೊಟ್ಟೆ. ಒಬ್ಬ ಹುಡುಗಿ ಅಡುಗೆಮನೆಯಲ್ಲಿ ಕುಳಿತ ತಾಯಿಯನ್ನು ಬರೆದಿದ್ದಳು. ಮೂಗು ಒಲೆಯ ಕಡೆಗೆ. ಒಂದು ಕಣ್ಣು ಒಲೆಯ ಕಡೆಗೆ, ಇನ್ನೊಂದು ಕಿವಿಯಿರಬೇಕಾದಲ್ಲಿ, ಬಾಗಿಲಿನ ಕಡೆಗೆ. ನಾನು ಆ ಎರಡನೆಯ ಕಣ್ಣಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಬದಿಯಿಂದ ನೋಡಿದಾಗ ಒಂದೇ ಕಣ್ಣು ಕಾಣುವುದು ಎಂದು ಬರೆದೆ. ಅವಳು ಪುಸ್ತಕ ತೆಗೆದುಕೊಂಡು ಹೋಗುವಾಗ ಮೆಲ್ಲಗೆ, "ಅಮ್ಮ ಬಾಗಿಲನ್ನೂ ನೋಡ್ತಾ ಇರ್ತಾಳೆ ಸಾರ್" ಎಂದಳು. ಯಾರು ಬರುವುದನ್ನು, ಯಾವ ಹೊತ್ತಿಗೆ, ಎಂದು ನಾನು ಕೇಳಲಿಲ್ಲ. ತರಬೇತಿ ಕಾಲೇಜಿನಲ್ಲಿ ನಾನು ಲ್ಯೂಕೆಯ ಹೆಸರನ್ನು ಬರೆದು ಪರೀಕ್ಷೆ ಪಾಸಾದವನು. ಮಗು ತಾನು ಕಂಡದ್ದನ್ನಲ್ಲ, ತಾನು ಬಲ್ಲದ್ದನ್ನು ಬರೆಯುತ್ತದೆ ಎಂದು ಅವನು 1927ರಲ್ಲಿ ಹೇಳಿದ್ದನ್ನು ಐದು ಮಾರ್ಕಿನ ಉತ್ತರವಾಗಿ ಬಲ್ಲೆ. ಎದುರಿಗೆ ಬಂದಾಗ ಮಾತ್ರ ಗುರುತು ಸಿಗಲಿಲ್ಲ.

ಮಗುವಿನ ಚಿತ್ರವೂ ಪಿಕಾಸೋನ ಚಿತ್ರವೂ ಒಂದೇ ಎಂದು ಇದರಿಂದ ತೀರ್ಮಾನಿಸಬಾರದು. ಪಿಕಾಸೋನ ತಂದೆ ಚಿತ್ರಕಲೆಯ ಅಧ್ಯಾಪಕ. ಮಗ ಹದಿನೈದರ ಪ್ರಾಯಕ್ಕೇ ಪ್ರಮಾಣಬದ್ಧವಾಗಿ ಬರೆಯುವುದನ್ನು ಚೆನ್ನಾಗಿ ಕಲಿತಿದ್ದನು. ಬಲ್ಲ ವಿದ್ಯೆಯನ್ನು ಬೇಕೆಂದೇ ಬಿಟ್ಟವನು ಅವನು. ಹುಡುಗಿಯದು ಸಹಜ, ಇವನದು ಸಂಕಲ್ಪ. ಆದರೆ ಒಂದು ಮುಖ ಎರಡು ಕಡೆ ಇರಬಲ್ಲದು ಎಂಬ ಅನುಭವ ಇಬ್ಬರಿಗೂ ಸಮಾನ. ನಮ್ಮ ಭಾಷೆಯಲ್ಲಿ ಎರಡು ಮುಖದವನು ಎಂದರೆ ಕಪಟಿ. ಮನೆಯಲ್ಲಿ ತುಳುವನ್ನೋ ಹವಿಗನ್ನಡವನ್ನೋ ಮರಾಠಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿಸಿ, ಸರಕಾರಿ ಕಚೇರಿಯ ಕಿಟಕಿಯಲ್ಲಿ ಮಲಯಾಳದಲ್ಲಿ ಮಾತನಾಡಿ ಬರುವ ನಮ್ಮಂಥವರಿಗೆ ಆ ಪದವನ್ನು ಅಷ್ಟು ಸಲೀಸಾಗಿ ಬೈಗುಳವಾಗಿ ಬಳಸಲು ಬಾಯಿ ಬರಬಾರದು.

ಇನ್ನು ತರುಣ ಅಧ್ಯಾಪಿಕೆಯ ಮಾತು. ಇದನ್ನು ತಳ್ಳಿಹಾಕುವುದು ಸುಲಭವಲ್ಲ, ಯಾಕೆಂದರೆ ಅವರ ಪಕ್ಷದಲ್ಲಿ ದೊಡ್ಡವರಿದ್ದಾರೆ. 1932ರಲ್ಲಿ ಜೂರಿಚ್ ನಗರದಲ್ಲಿ ಪಿಕಾಸೋನ ಚಿತ್ರಗಳ ಬೃಹತ್ ಪ್ರದರ್ಶನ ನಡೆಯಿತು. ಆ ಸಂದರ್ಭದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅಲ್ಲಿನ ಪತ್ರಿಕೆಯೊಂದಕ್ಕೆ ಲೇಖನ ಬರೆದನು. ತನ್ನ ರೋಗಿಗಳು ಬರೆದ ಚಿತ್ರಗಳನ್ನು ಸುಮಾರು 20 ವರ್ಷ ಅಭ್ಯಾಸ ಮಾಡಿದವನು ಅವನು. ಆ ಚಿತ್ರಗಳಲ್ಲಿ ಎರಡು ವರ್ಗ ಮಾಡಿ, ಒಡಕು ಗೆರೆಗಳ, ಭಾವ ಹೊಂದದ, ನೋಡುಗನನ್ನು ಹತ್ತಿರ ಬರಗೊಡದ ಚಿತ್ರಗಳ ಎರಡನೆಯ ವರ್ಗಕ್ಕೆ, ಅಂದರೆ ಛಿದ್ರಮನಸ್ಕರ ವರ್ಗಕ್ಕೆ, ಪಿಕಾಸೋನನ್ನು ಸೇರಿಸಿದನು. ಅವನ ಚಿತ್ರಮಾಲೆಯನ್ನು ಪಾತಾಳಕ್ಕಿಳಿಯುವ ಯಾತ್ರೆಯೆಂದೂ, ಹಾರ್ಲೆಕ್ವಿನನು ಆ ಯಾತ್ರೆಯ ಸಂದಿಗ್ಧ ನಾಯಕನೆಂದೂ ವಿವರಿಸಿದನು. ಗದ್ದಲವಾಯಿತು. ತಾನು ಪಿಕಾಸೋನನ್ನು ಹುಚ್ಚನೆಂದು ಹೇಳಲಿಲ್ಲ, ಚಿತ್ರಿಸುವ ಒಂದು ಒಲವನ್ನು ಮಾತ್ರ ಹೆಸರಿಸಿದೆ ಎಂದು ಯೂಂಗ್ ಆಮೇಲೆ ಸ್ಪಷ್ಟಪಡಿಸಬೇಕಾಯಿತು. ಅದಕ್ಕಿಂತಲೂ ಮುಖ್ಯವಾದದ್ದು, ಲೇಖನದ ಆರಂಭದಲ್ಲಿಯೇ ಅವನು ಹಾಕಿಕೊಂಡ ಎಲ್ಲೆ: ತಾನು ಪಿಕಾಸೋನ ಕಲೆಯನ್ನು ಕುರಿತು ಏನನ್ನೂ ಹೇಳುತ್ತಿಲ್ಲ, ಅದರ ಮನಶ್ಶಾಸ್ತ್ರವನ್ನು ಮಾತ್ರ. ಯೂಂಗನ ಅನುಯಾಯಿಗಳು ಮರೆಯುವುದು ಈ ಎಲ್ಲೆಯನ್ನು.

ಈ ಒಂದು ಚಿತ್ರಕ್ಕೆ ಯೂಂಗನ ಲಕ್ಷಣವನ್ನು ಹೊಂದಿಸಿ ನೋಡೋಣ. ನಿಜ, ಗೋಡೆಯ ತುಂಬ ಹಾರ್ಲೆಕ್ವಿನನ ಚೌಕುಳಿ ಇದೆ. ಆದರೆ ಭಾವ ಹೊಂದದ, ಹತ್ತಿರ ಬರಗೊಡದ ಚಿತ್ರವೆ ಇದು? ಹುಡುಗಿಯ ಎದೆಯ ದುಂಡು, ಹೊಟ್ಟೆಯ ದುಂಡು, ಗೋಡೆಯ ಚೌಕುಳಿಯ ಬೊಟ್ಟು, ಕನ್ನಡಿಯ ಅಂಡಾಕಾರ, ಹೀಗೆ ವೃತ್ತವು ವೃತ್ತವನ್ನು ಕರೆಯುತ್ತ, ಇಡೀ ಚಿತ್ರ ಒಂದೇ ತಾಳಕ್ಕೆ ಕುಣಿಯುತ್ತದೆ. ಕನ್ನಡಿಯ ನಡುಗಂಬದ ಎರಡು ಕಡೆ ಇಬ್ಬರು ಹೆಂಗಸರನ್ನು ತಕ್ಕಡಿಯಲ್ಲಿಟ್ಟಂತೆ ಇಟ್ಟಿದ್ದಾನೆ. ಒಡೆದದ್ದು ಚಿತ್ರದ ವಸ್ತುವಾಗಿರಬಹುದು, ಚಿತ್ರ ಒಡೆದಿಲ್ಲ. ದುಃಖದ ಪದ್ಯದಲ್ಲಿ ಛಂದಸ್ಸು ಕೆಡಬೇಕೆಂದಿಲ್ಲವಷ್ಟೆ.

ಇನ್ನೊಂದು ಬಗೆಯ ವ್ಯಾಖ್ಯಾನ ಜೀವನಚರಿತ್ರೆಯದು. ಚಿತ್ರದ ಹುಡುಗಿ ಮರೀ ತೆರೇಸ್ ವಾಲ್ಟರ್. 1927ರಲ್ಲಿ ಪ್ಯಾರಿಸಿನ ಅಂಗಡಿಬೀದಿಯಲ್ಲಿ ಪಿಕಾಸೋ ಅವಳನ್ನು ಕಂಡಾಗ ಅವಳಿಗೆ 17, ಅವನಿಗೆ 45, ಮನೆಯಲ್ಲಿ ಹೆಂಡತಿ ಓಲ್ಗಾ. 1935ರಲ್ಲಿ ಅವಳಿಗೆ ಮಗಳು ಹುಟ್ಟಿದಳು. ಆಮೇಲೆ ಅವನ ಮನಸ್ಸು ಬೇರೆಡೆಗೆ ಹೊರಳಿತು. ಅವನು 1973ರಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ಬಳಿಕ, 1977ರಲ್ಲಿ, ಅವಳು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಇದನ್ನೆಲ್ಲ ತಿಳಿದ ಮೇಲೆ ಕನ್ನಡಿಯ ಕಪ್ಪುಮುಖದಲ್ಲಿ ಅವಳ ಭವಿಷ್ಯವನ್ನೇ ಓದುವವರಿದ್ದಾರೆ. ಗಂಡಸಾಗಿ ಪಿಕಾಸೋ ನಡೆದುಕೊಂಡ ರೀತಿಯನ್ನು ನಾನು ಸಮರ್ಥಿಸಲಾರೆ. ಹದಿನೇಳರ ಹುಡುಗಿಯರಿಗೆ ಪಾಠ ಹೇಳುವವನಾಗಿ ಆ ಸಂಗತಿ ಓದುವಾಗ ಸಿಟ್ಟೇ ಬರುತ್ತದೆ. ಆದರೆ 1977ರಲ್ಲಿ ಆದದ್ದನ್ನು 1932ರ ಬಣ್ಣದಲ್ಲಿ ಓದುವುದು ವಿಮರ್ಶೆಯಲ್ಲ, ಕಣಿ ಹೇಳುವುದು. ಬೇಲೂರಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವರಿಗೆಲ್ಲ ಇದರ ಸೋದರ ಮಾತು ಗೊತ್ತಿದೆ. ದರ್ಪಣಸುಂದರಿಯ ಕೆಳಗೆ ನಿಂತೊಡನೆ ಯಾರಾದರೊಬ್ಬರು, ಇವಳು ಬೇರಾರೂ ಅಲ್ಲ, ರಾಣಿ ಶಾಂತಲೆಯೇ ಎನ್ನುತ್ತಾರೆ. ಮಕ್ಕಳು ಹೌದೇ ಎಂದು ಬಾಯಿತೆರೆದು ಕೇಳುತ್ತಾರೆ, ಶಾಂತಲೆಯ ಕಥೆ ನಡೆಯುತ್ತದೆ, ಶಿಲ್ಪವನ್ನು ಮಾತ್ರ ಯಾರೂ ನೋಡುವುದಿಲ್ಲ.

ನೋಡಬೇಕಾದದ್ದು ಬಹಳವಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಆ ಮದನಿಕೆ ನಮ್ಮ ನಾಡಿನ ಕನ್ನಡಿಯ ಮುಂದಿನ ಹುಡುಗಿ. ಬಳಪದ ಕಲ್ಲಿನಲ್ಲಿ, ಎಲೆಗಳ ಚಪ್ಪರದಡಿಯಲ್ಲಿ, ತ್ರಿಭಂಗಿಯಲ್ಲಿ ನಿಂತು ಕೈಗನ್ನಡಿಯನ್ನು ಹಿಡಿದಿದ್ದಾಳೆ. ಅವಳ ಕನ್ನಡಿಯಲ್ಲಿ ಏನಿದೆ? ಏನೂ ಇಲ್ಲ. ರೂವಾರಿ ಬಳೆಯ ಮಣಿಮಣಿಯನ್ನೂ ಬಿಡಿಸಿದ್ದಾನೆ, ಕನ್ನಡಿಯೊಳಗಿನ ಮುಖವನ್ನು ಕೆತ್ತಲಿಲ್ಲ. ಅದು ಅವಳಿಗೆ ಮಾತ್ರ ಕಾಣುವ ಮುಖ. ನಾವು ಅವಳ ಮುಖದ ತೃಪ್ತಿಯನ್ನು ನೋಡಿ ಕನ್ನಡಿಯಲ್ಲೇನು ಕಂಡಿತೆಂದು ಊಹಿಸಬೇಕು. ಹಳೆಯ ಅಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ರೂವಾರಿ ಅನುಭಾವವನ್ನು ತೋರಿಸಿ ವಿಭಾವವನ್ನು ಮರೆಮಾಡಿದ್ದಾನೆ. ಪಿಕಾಸೋ ಇದನ್ನು ತಿರುಗುಮುರುಗು ಮಾಡಿದನು. ಅವಳು ಮಾತ್ರ ಕಾಣಬೇಕಾದದ್ದನ್ನು ಎಲ್ಲರ ಮುಂದೆ, ಅವಳಷ್ಟೇ ದೊಡ್ಡದಾಗಿ ಬಿಡಿಸಿಟ್ಟನು. ಬೇಲೂರಿನ ಹುಡುಗಿಯ ಖಾಸಗಿತನವನ್ನು ಒಂಬತ್ತು ನೂರು ವರ್ಷಗಳ ಬಿಸಿಲು ಮಳೆಗಳೂ ಕೆಡಿಸಲಿಲ್ಲ. ಪ್ಯಾರಿಸಿನ ಹುಡುಗಿಯದು ಮೊದಲ ದಿನವೇ ಹೋಯಿತು. ಯಾವುದು ಮೇಲು ಎಂದು ನನ್ನನ್ನು ಕೇಳಿದರೆ, ನೋಡುತ್ತಿರುವುದಕ್ಕೆ ಬೇಲೂರಿನವಳೇ ಸಾಕು. ಆದರೆ ಇನ್ನೊಬ್ಬಳನ್ನು ನೋಡಿದ ಮೇಲೆ ನನ್ನ ಮನೆಯ ಕನ್ನಡಿಯಲ್ಲಿ ಕ್ಷೌರ ಮಾಡಿಕೊಳ್ಳುವಾಗ ಬೇರೆ ವಿಚಾರಗಳು ಬರುತ್ತವೆ.

ಆ ಕಪ್ಪುಮುಖ ಏನು? ವೃದ್ಧಾಪ್ಯವೆಂದು ಕೆಲವರು, ಮರಣವೆಂದು ಕೆಲವರು, ಅಚೇತನ ಮನಸ್ಸೆಂದು ಕೆಲವರು, ಚಿತ್ರಕಾರನ ಕಾಮದೃಷ್ಟಿಯೆಂದು ಕೆಲವರು. ಆಳೆತ್ತರದ ಓಲುಗನ್ನಡಿಗೆ ಫ್ರೆಂಚ್ ಭಾಷೆಯಲ್ಲಿ 'ಪ್ಸಿಶೇ' ಎಂದು ಹೆಸರು. ಆತ್ಮಕ್ಕೂ ಅದೇ ಮಾತು. ನಮ್ಮ ತರಬೇತಿಯ ಪಠ್ಯದ 'ಸೈಕಾಲಜಿ'ಯ ಬೇರೂ ಅದೇ. 1904ರಿಂದ ಪ್ಯಾರಿಸಿನಲ್ಲಿ ನೆಲೆಸಿದ್ದವನಿಗೆ ಈ ಶ್ಲೇಷೆ ಕಿವಿಗೆ ಬೀಳದೆ ಇರಲಾರದು. ನಾಲ್ಕು ವರ್ಷಗಳ ಬಳಿಕ, 1936ರಲ್ಲಿ, ಫ್ರಾನ್ಸಿನವನೇ ಆದ ಲಕಾನ್ ಎಂಬ ಮನೋವೈದ್ಯನು ಕನ್ನಡಿಯ ಘಟ್ಟ ಎಂಬ ತನ್ನ ಸಿದ್ಧಾಂತವನ್ನು ಮೊದಲಿಗೆ ಮಂಡಿಸಿದನು. ಕೂಸು ತನ್ನ ಮೈಯನ್ನು ಇನ್ನೂ ಹಿಡಿತಕ್ಕೆ ತಂದುಕೊಳ್ಳದ ಕಾಲದಲ್ಲಿ ಕನ್ನಡಿಯ ಇಡಿಯಾದ ರೂಪವನ್ನು ಕಂಡು, ಅದೇ ತಾನು ಎಂದು ಹಿಗ್ಗುತ್ತದೆ ಎಂಬುದು ಅದರ ಸಾರ. ಪಿಕಾಸೋನಲ್ಲಿ ಆಗಿರುವುದು ಇದರ ವಿಲೋಮ: ಹೊರಗಿನವಳು ಇಡಿಯಾಗಿ, ಪ್ರಭೆಯೊಡನೆ ಇದ್ದಾಳೆ, ಕನ್ನಡಿಯವಳು ಸಡಿಲಿದ್ದಾಳೆ. ಸಿದ್ಧಾಂತ ಬರುವ ಮೊದಲೇ ಚಿತ್ರ ಅದಕ್ಕೆ ಅಪವಾದವಾಗಿ ನಿಂತಿದೆ.

ನನಗೆ ಈ ಎಲ್ಲ ವ್ಯಾಖ್ಯಾನಗಳಿಗಿಂತ ಹೆಚ್ಚು ಬೆಳಕು ಕೊಟ್ಟದ್ದು ಬೇರೊಂದು ಕನ್ನಡಿ. ಅದನ್ನು ನೋಡಲು ಪ್ಯಾರಿಸಿಗೆ ಹೋಗಬೇಕಾಗಿಲ್ಲ. ಚಂದ್ರಗಿರಿ ಹೊಳೆಯನ್ನು ದಾಟಿ ನೀಲೇಶ್ವರದ ಕಡೆಗೆ ಹೋದರೆ, ತೆಯ್ಯಂ ಕಟ್ಟುವವರ ಅಣಿಯರದಲ್ಲಿ ಕಾಣಬಹುದು. ಹಗಲೆಲ್ಲ ನಮ್ಮಂತೆಯೇ ಕೂಲಿಯೋ ಕೆಲಸವೋ ಮಾಡುವ ಮನುಷ್ಯ ಮಲಗಿಕೊಂಡಿರುತ್ತಾನೆ. ಮುಖವೆಳುತ್ತಿನವರು ಗಂಟೆಗಟ್ಟಲೆ ಅವನ ಮುಖದ ಮೇಲೆ ಬರೆಯುತ್ತಾರೆ. ಉತ್ತರದ ನಮ್ಮ ಭೂತಕೋಲದಲ್ಲಿ ಅರದಾಳದ ಹಳದಿ ಬಳಿಯುವಂತೆಯೇ ಅಲ್ಲಿಯೂ ಹಳದಿ, ಕೆಂಪು, ಕಪ್ಪು. ಕೊನೆಯಲ್ಲಿ ಮುಡಿಯನ್ನು ಏರಿಸಿ ಕಟ್ಟಿ, ಕೈಗೊಂದು ಕನ್ನಡಿ ಕೊಡುತ್ತಾರೆ. ಅವನು ನೋಡುತ್ತಾನೆ. ಕನ್ನಡಿಯಲ್ಲಿ ಅವನಿಲ್ಲ, ದೈವವಿದೆ. ಮೈ ನಡುಗತೊಡಗುತ್ತದೆ, ಆವೇಶವಾಗುತ್ತದೆ. ಬಣ್ಣ ಹಚ್ಚಿದ್ದರಿಂದಲ್ಲ, ಮುಡಿ ಕಟ್ಟಿದ್ದರಿಂದಲೂ ಅಲ್ಲ, ಕನ್ನಡಿಯಲ್ಲಿ ತಾನಲ್ಲದ್ದನ್ನು ಕಂಡು, ಅದನ್ನು ತಾನೆಂದು ಒಪ್ಪಿಕೊಂಡ ಆ ಕ್ಷಣದಲ್ಲಿ ದೈವ ಬಂತು ಎಂದು ನಂಬಿಕೆ. ಇದನ್ನು ಯಾರೂ ಛಿದ್ರಮನಸ್ಸು ಎನ್ನುವುದಿಲ್ಲ. ಆ ಮನುಷ್ಯನಿಗೆ ಇದಕ್ಕೊಂದು ಕಟ್ಟು ಇದೆ, ಕಾಲ ಇದೆ, ಬೆಳಗಾದ ಮೇಲೆ ಮುಡಿ ಇಳಿಸಿ ಹಿಂದೆ ಬರುವ ದಾರಿ ಇದೆ, ಸುತ್ತಲೂ ಊರು ಇದೆ.

ಈ ಅಣಿಯರದಿಂದ ಮತ್ತೆ ಚಿತ್ರದ ಬಳಿಗೆ ಬಂದಾಗ ನನಗೆ ಹುಡುಗಿಯ ಮುಖದ ಹಳದಿ ಪಾಲು ಬೇರೆಯಾಗಿ ಕಂಡಿತು. ಕೆನ್ನೆಗೆ ಕೆಂಪು, ತುಟಿಗೆ ರಂಗು ಬಳಿದ ಆ ಒರಟು ಹಳದಿ ಅವಳು ಲೋಕಕ್ಕೆಂದು ಕಟ್ಟಿಕೊಂಡ ವೇಷ. ನಯವಾದ ನೇರಳೆ ಮುಖ ವೇಷವಿಲ್ಲದ್ದು. ಕನ್ನಡಿಯ ಕಡೆಗೆ ತಿರುಗಿರುವುದು ಯಾವುದು? ವೇಷವಿಲ್ಲದ್ದೇ. ವೇಷದ ಮುಖ ನಮ್ಮ ಕಡೆಗಿದೆ. ಅಂದರೆ ತೆಯ್ಯದ ಮನುಷ್ಯ ವೇಷವನ್ನು ಕನ್ನಡಿಗೆ ತೋರಿಸಿ ದೈವವನ್ನು ಕಂಡನು. ಈ ಹುಡುಗಿ ವೇಷವನ್ನು ನಮಗೆ ಬಿಟ್ಟು, ಬರಿಯ ಮುಖವನ್ನು ಕನ್ನಡಿಗೆ ಕೊಟ್ಟು, ಕಪ್ಪಾದ ಒಬ್ಬಳನ್ನು ಕಂಡಳು. ಅವಳ ಸುತ್ತ ಊರಿಲ್ಲ. ಹಾರ್ಲೆಕ್ವಿನನ ಗೋಡೆ ಮಾತ್ರ ಇದೆ.

ಕಂಡ ಮೇಲೆ ಅವಳು ಏನು ಮಾಡುತ್ತಾಳೆ? ಇಲ್ಲಿಗೆ ಆ ತೋಳು ಬೇಕಾಗುತ್ತದೆ. ಮುಖಗಳ ಬಗ್ಗೆ ಪುಟಗಟ್ಟಲೆ ಬರೆದವರಲ್ಲಿ ಅನೇಕರು ತೋಳಿನ ಬಗ್ಗೆ ಒಂದು ವಾಕ್ಯದಲ್ಲಿ ಮುಗಿಸಿದ್ದಾರೆ. ನನ್ನ ಮಟ್ಟಿಗೆ ಚಿತ್ರದ ನಿರ್ಣಾಯಕ ಸಾಕ್ಷಿ ಅದೇ. ಭಯಗೊಂಡವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಇಲ್ಲವೆ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಮೋಹಗೊಂಡವರು ಬೊಗಸೆಯೊಡ್ಡುತ್ತಾರೆ. ಇವಳ ತೋಳು ಎರಡೂ ಅಲ್ಲ. ಅದು ಕನ್ನಡಿಯ ಹಾಳೆಯನ್ನು ಅಡ್ಡವಾಗಿ ದಾಟಿ ಆಚೆಯ ಅಂಚನ್ನು ಮುಟ್ಟಿದೆ. ಜ್ವರದಲ್ಲಿರುವವರನ್ನು ಹಾಸಿಗೆಯಲ್ಲಿ ಎಬ್ಬಿಸಿ ಕೂರಿಸುವಾಗ ನಾವು ಬೆನ್ನ ಹಿಂದಿನಿಂದ ಆಚೆಯ ಹೆಗಲನ್ನು ಹಿಡಿಯುತ್ತೇವಲ್ಲ, ಹಾಗೆ. ಹೊರಗಿನ ಮೈಯೂ ಒಳಗಿನ ಮೈಯೂ ಆ ತೋಳಿನಿಂದ ಸೇರಿಕೊಂಡಿವೆ. ಕನ್ನಡಿಯೊಳಗೆ ಕಂಡದ್ದು ಮುಪ್ಪೋ ಸಾವೋ ಅಚೇತನವೋ, ಹೆಸರು ಯಾವುದಾದರೂ ಇರಲಿ, ಅವಳು ಅದನ್ನು ಪರಕೀಯವೆಂದು ದೂಡಲಿಲ್ಲ. ಆದುದರಿಂದ ಇದನ್ನು ಒಡೆದ ಮನಸ್ಸಿನ ಚಿತ್ರ ಎನ್ನುವುದನ್ನು ನಾನು ಒಪ್ಪಲಾರೆ. ಎರಡಾಗಿರುವುದನ್ನು ಬಲ್ಲ ಮನಸ್ಸಿನ ಚಿತ್ರ ಎಂದರೆ ಒಪ್ಪುತ್ತೇನೆ. ಇವೆರಡಕ್ಕೂ ಬಹಳ ಅಂತರವಿದೆ, ಅದು ತರಗತಿಯಲ್ಲಿ ಕುಳಿತ ಹದಿಮೂರು ಹದಿನಾಲ್ಕರ ಮಕ್ಕಳ ಮಟ್ಟಿಗಂತೂ ಪುಸ್ತಕದ ಅಂತರವಲ್ಲ. ಆ ಪ್ರಾಯದಲ್ಲಿ ಕನ್ನಡಿಯಲ್ಲಿ ಕಾಣುವ ಮೊಡವೆಯ ಮುಖ ತನ್ನದಲ್ಲ ಎಂದು ಅನಿಸದ ಮಗು ಯಾವುದು? ಅವರಿಗೆ ರೋಗದ ಹೆಸರನ್ನು ಹಚ್ಚಿಕೊಡುವ ಮೊದಲು ನಾವು ಹತ್ತು ಸಲ ಯೋಚಿಸಬೇಕು.

ನನ್ನ ಓದಿಗೆ ಒಗ್ಗದೆ ಉಳಿದದ್ದೂ ಉಂಟು. ಮೈಮೇಲಿನ ಆ ಪಟ್ಟೆಗಳು. ಈಜುಡುಗೆ ಎನ್ನುತ್ತಾರೆ, ಪಕ್ಕೆಲುಬು ಎನ್ನುತ್ತಾರೆ. ಪಕ್ಕೆಲುಬಾದರೆ ಮೃತ್ಯು ಕನ್ನಡಿಯೊಳಗಲ್ಲ, ಹೊರಗೇ ಇದೆ ಎಂದಾಗುತ್ತದೆ, ಆಗ ನಾನು ಹೇಳಿದ ಒಳಹೊರಗಿನ ಲೆಕ್ಕ ಸ್ವಲ್ಪ ತಪ್ಪುತ್ತದೆ. ಆ ಹಸುರು ಮಚ್ಚೆಯ ಬಗ್ಗೆಯೂ ನಮ್ಮ ಚಿತ್ರಕಲಾ ಅಧ್ಯಾಪಕರಿಗೂ ನನಗೂ ಒಮ್ಮತವಿಲ್ಲ. ಅವರು ಅದನ್ನು ಬಣ್ಣದ ಸಮತೋಲಕ್ಕೆ ಇಟ್ಟದ್ದು ಎನ್ನುತ್ತಾರೆ; ನನಗೆ ಅದು ಕಲೆ ಬಿದ್ದ ಹಣೆಯಂತೆಯೇ ಕಾಣುತ್ತದೆ.

ಚಿತ್ರದ ದೊಡ್ಡ ಪ್ರತಿಯೊಂದನ್ನು ಅವರು ತರಿಸಿಕೊಟ್ಟರು. ಅದನ್ನು ಶಾಲೆಯ ವಾಚನಾಲಯದ ಗೋಡೆಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಕೆಳಗೆ ಏನೂ ಬರೆಯದೆ ತೂಗುಹಾಕಿದ್ದೇವೆ. ಮೊದಲ ವಾರ ನಗು ಇತ್ತು. ಎರಡನೆಯ ವಾರ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು, ಒಬ್ಬಳ ಹಿಂದೆ ಒಬ್ಬಳು ನಿಂತು, ತೋಳು ಚಾಚಿ ಅದೇ ಭಂಗಿಯನ್ನು ಮಾಡಿನೋಡುತ್ತಿದ್ದುದು ಕಿಟಕಿಯಿಂದ ಕಂಡಿತು. ಗಣಿತ ಅಧ್ಯಾಪಕರು ಮೊನ್ನೆ ಒಂದು ಸಭೆಗೆಂದು ನಮ್ಮ ಶಾಲೆಗೆ ಬಂದವರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, "ಆಯ್ತು ಮಾಸ್ಟ್ರೇ, ತೋಳು ಸರಿ. ಆದರೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅದನ್ನು ಹೇಳಿ" ಎಂದರು. ನೇರಳೆ ಮುಖದ ಬಾಯಿಯಲ್ಲಿ ನನಗೆ ಎರಡೂ ಕಾಣುವುದಿಲ್ಲ, ನೋಡುತ್ತಿದ್ದಾಳೆ ಎಂದಷ್ಟೇ ಕಾಣುತ್ತದೆ ಎಂದೆ. ಅವರು ಒಪ್ಪಲಿಲ್ಲ.